ಸರ್ಪಸುತ್ತು ಬರೆಯುವ ಕೈ

ಕೊಳ್ಳೇಗಾಲದ ನಮ್ಮ ಕ್ಲಿನಿಕ್‌ಗೆ ಸರ್ಪಸುತ್ತಿನವರು ಬರುವುದೇ ತಡವಾಗಿ. ಮೊದಲು ಊರಲ್ಲಿ ಮಂತ್ರ ಹಾಕಿಸಿ, ಗುಳ್ಳೆಯ ಸುತ್ತ ಕೆಮ್ಮಣ್ಣಿನಲ್ಲಿ ಹಾವು ಬರೆಸಿಕೊಂಡಿರುತ್ತಾರೆ. ಅಷ್ಟರಲ್ಲಿ ಮಾತ್ರೆ ಶುರುಮಾಡುವ ಹೊತ್ತು ಮೀರಿರುತ್ತದೆ. ಅದಕ್ಕೇ ವಯಸ್ಸಾದವರು ಯಾರು ಸಿಕ್ಕಿದರೂ, ಅದು ಬರದ ಹಾಗೆ ಲಸಿಕೆ ಇದೆ ಅಂತ ನರ್ಸಾದ ನಾನು ಶುರುಮಾಡುತ್ತೇನೆ.

ಬಿ.ಪಿ. ತೋರಿಸಲು ಬಂದಿದ್ದ ಸತ್ತೇಗಾಲದ ಯಜಮಾನರೊಬ್ಬರಿಗೂ ಹೇಳಿದೆ. "ಆ ಕೆಮ್ಮಣ್ಣು ಬರೆಯೋರ ಹತ್ರ ಮಾತ್ರ ಹೋಗ್ಬೇಡಿ" ಅಂತಲೂ ಸೇರಿಸಿದೆ. ಜೊತೆಗಿದ್ದ ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದಳು.

"ಬರೆಯೋನು ನಾನೇ ಕಣವ್ವ," ಅಂದರು ಯಜಮಾನರು.

ಅವರು ಆಗಲೇ ಅಂಗಿಯ ತೋಳು ಮಡಿಸುತ್ತಿದ್ದರು. "ಊರೋರ್ಗೆಲ್ಲ ನಾನ್ ಬರೀತೀನಿ. ನಂಗೇ ಬಂದ್ರೆ ಬರೆಯೋರ್ ಯಾರು? ಸೂಜಿ ಆಕವ್ವ."

ಡಾಕ್ಟರು ಹೂಂ ಅಂದರು. ಗಾಬರಿಯಲ್ಲಿ ನಾನು ಯಾವ ಕೈ ಅಂತಲೂ ಕೇಳದೆ, ಅವರು ಚಾಚಿದ ಬಲಗೈಗೇ ಚುಚ್ಚಿದೆ.

ಮರುದಿನ ಬೆಳಿಗ್ಗೆ ಅವರದೇ ಫೋನು. "ಬರೆಯೋ ಕೈ ಎತ್ತಕ್ಕೇ ಆಯ್ತಿಲ್ಲ ಕಣವ್ವ. ಇಲ್ಲೊಬ್ಬ ಸೊಂಟದ್ ಮ್ಯಾಲೆ ಗುಳ್ಳೆ ಎದ್ದದೆ ಅಂತ ಬಂದು ಕುಂತವ್ನೆ. ಏನ್ ಮಾಡ್ಲಿ?"

"ಕೈ ನೋವು ನಾಳೆ ನಾಡಿದ್ದರಲ್ಲಿ ಹೋಗ್ತದೆ, ಹೆದರ್ಬೇಡಿ. ಅವರನ್ನ ಈಗ್ಲೇ ಬಸ್ ಹತ್ತಿಸಿ," ಅಂದೆ.

ಮಧ್ಯಾಹ್ನದೊಳಗೆ ಆತ ಬಂದ. ಮೈಮೇಲೆ ಚೂರೂ ಕೆಮ್ಮಣ್ಣಿರಲಿಲ್ಲ. ಮಾತ್ರೆ ಅವತ್ತೇ ಶುರುವಾಯಿತು.

ಯಜಮಾನರಿಗೆ ಇನ್ನೊಂದು ಡೋಸ್ ಬಾಕಿ ಇದೆ. ಅವರು ಎಡಗೈ ಚಾಚಿದರೂ ನಾನು ಬಲಗೈಯನ್ನೇ ಕೇಳುವವಳು.