ಸಮುದ್ರಕ್ಕೆ ಒಂದೇ ಅಕ್ಷರ

ಇಂಗ್ಲಿಷನ್ನು ನಾನು ಕಣ್ಣಿನಿಂದ ಕಲಿತವನು. ಕಿವಿಗೆ ಅದರ ಪರಿಚಯವೇ ಇರಲಿಲ್ಲ. ಹೀಗಿದ್ದೂ, ಇಪ್ಪತ್ತನೆಯ ಶತಮಾನ ಕಣ್ಣು ಬಿಡುತ್ತಿದ್ದ ಕಾಲದಲ್ಲಿ, ಸವದತ್ತಿಯ ಕಡೆಯ ಒಂದು ಊರಿನಲ್ಲಿ ನಾನೇ ಇಂಗ್ಲಿಷ್ ಮಾಸ್ತರ.

ಕೇಳುವಾಗ ಒಂದೇ, ಅರ್ಥದಲ್ಲಿ ಬೇರೆ ಬೇರೆಯಾದ ಶಬ್ದಗಳು ಆ ಭಾಷೆಯಲ್ಲಿ ಬಹಳ ಇವೆಯಂತೆ. ನಮ್ಮಲ್ಲೂ 'ಹತ್ತು' ಎಂದರೆ ಸಂಖ್ಯೆಯೂ ಹೌದು, ಏರುವುದೂ ಹೌದು. ಆದರೆ ಪಾಪ, ಅದು ಬರೆಯುವಾಗ ವೇಷ ಬದಲಿಸುವುದಿಲ್ಲ. ಇಂಗ್ಲಿಷಿನವು ಬದಲಿಸುತ್ತವೆ. ನನ್ನ ವರ್ಗದಲ್ಲಿ ಮಾತ್ರ ಈ ತಂಟೆ ಇರಲಿಲ್ಲ, ಏಕೆಂದರೆ ಕಂಡ ಅಕ್ಷರವನ್ನೆಲ್ಲ ಉಚ್ಚರಿಸುವುದು ನನ್ನ ಧರ್ಮ. ತಿಳಿಯುವುದು 'ಕ್ನೋ', ಇಲ್ಲವೆಂದರೆ 'ನೋ'. ನೋಡುವುದು 'ಸೀ', ಸಮುದ್ರ 'ಸಿಯಾ'. ಹುಡುಗರು ಉಕ್ತಲೇಖನದಲ್ಲಿ ಒಂದು ತಪ್ಪೂ ಮಾಡುತ್ತಿರಲಿಲ್ಲ. ನಾನು ಮೀಸೆ ತಿರುವಿಕೊಂಡು ಓಡಾಡುತ್ತಿದ್ದೆ.

ಆಮೇಲೆ ತಪಾಸಣೆಯ ಸಾಹೇಬರು ಬಂದರು. ಪುಣೆಯಲ್ಲಿ ಓದಿದವರು. ಮಕ್ಕಳು ನಪಾಸಾದರೆ ಇಂಗ್ಲಿಷ್ ವರ್ಗ ಮುಚ್ಚುವುದೆಂದು ಮೊದಲೇ ಹೇಳಿದರು. ನನಗೆ ಜೀವವೇ ಹೋದಂತಾಯಿತು. ಧಾರವಾಡಕ್ಕೆ ಹೋಗಿ ಕಲಿಯುವ ಅನುಕೂಲ ನಮ್ಮ ಒಕ್ಕಲು ಮಕ್ಕಳಲ್ಲಿ ಯಾರಿಗೂ ಇರಲಿಲ್ಲ.

ಸಾಹೇಬರು ಉಕ್ತಲೇಖನಕ್ಕೆ ಒಂದು ವಾಕ್ಯ ಹೇಳಿದರು. ಬಳಪಗಳೆಲ್ಲ ನಿಂತವು. ಹುಡುಗರು ನನ್ನ ಮುಖ ನೋಡಿದರು; ನನಗೂ ಅದು ಯಾವ ಭಾಷೆಯೆಂದು ತಿಳಿಯಲಿಲ್ಲ.

"ಸಾಹೇಬ್ರ, ನಾನೂ ಇವರ ಜೋಡಿ ಕುಂತು ಬರೀತೇನ್ರಿ" ಎಂದೆ. "ತಪ್ಪು ಇವರ ಕಿವಿದೋ, ನನ್ನ ಬಾಯಿದೋ ತಿಳೀಲಿ."

ಅವರು ನಕ್ಕು ಒಪ್ಪಿದರು. ಒಂದು ಪಾಟಿ ತೆಗೆದುಕೊಂಡು ಬಸಲಿಂಗನ ಮಗ್ಗುಲಲ್ಲಿ ಕುಳಿತೆ. ನಕಲು ಮಾಡಿದ್ದಕ್ಕೆ ನನ್ನಿಂದ ಅತಿ ಹೆಚ್ಚು ಏಟು ತಿಂದ ಹುಡುಗ ಅವನು. ಸಾಹೇಬರು ಒಂದೇ ವಾಕ್ಯದಲ್ಲಿ ಎರಡು ಸಲ 'ಸೀ' ಎಂದರು. ಮೊದಲನೆಯದು ನೋಡುವುದು, ಎರಡನೆಯದು ಏನು? ಬಸಲಿಂಗ ಸದ್ದಿಲ್ಲದೆ ತನ್ನ ಪಾಟಿಯನ್ನು ನನ್ನ ಕಡೆ ವಾಲಿಸಿದ. ನಾನು ನೋಡಿದೆ. ನೋಡಿ ಬರೆದೆ.

ಅವನು ಬರೆದದ್ದು ಇಂಗ್ಲಿಷಿನ ಮೂರನೆಯ ಅಕ್ಷರ, ಅದೊಂದೇ. ಇಡೀ ವರ್ಗದಲ್ಲಿ ಸಮುದ್ರವನ್ನು ಒಂದೇ ಅಕ್ಷರದಲ್ಲಿ ಮುಗಿಸಿದವರು ನಾವಿಬ್ಬರೇ. ಯಾರು ಯಾರದನ್ನು ನೋಡಿದರೆಂದು ಸಾಹೇಬರು ಕೇಳಿದರು.

"ಮಾಸ್ತರ ಪಾಟಿ ನೋಡಿ ನಾನ ಬರದೇನ್ರಿ" ಎಂದು ಬಸಲಿಂಗ ಎದ್ದು ನಿಂತು, ಅಭ್ಯಾಸದಂತೆ ಅಂಗೈ ಮುಂದೆ ಚಾಚಿದ.

ಆ ಅಂಗೈ ಕಂಡು ನಾನೂ ಎದ್ದು ನಿಂತೆ. "ಇಲ್ರಿ" ಎಂದೆ. "ಅವನ ಪಾಟಿ ನೋಡಿ ನಾನ ಬರದೇನಿ."

ಸಾಹೇಬರು ಬಸಲಿಂಗನ ಅಂಗೈಯನ್ನು ಮೆಲ್ಲಗೆ ಕೆಳಗಿಳಿಸಿದರು. "ವರ್ಗ ಇರ್ಲಿ, ಮಾಸ್ತರ. ಇಲ್ಲಿ ಇನ್ನೂ ಎರಡು ದಿನ ಇರ್ತೇನಿ. ಮುಂಜಾನೆ ಬರ್ರಿ, ನಾ ಓದ್ತೇನಿ, ನೀವು ಕೇಳ್ರಿ."

ಎರಡು ಮುಂಜಾನೆ ಹೋದೆ. ಕ್ನೋ ಹೋಗಿ ನೋ ಆಯಿತು, ಸಿಯಾ ಸೀ ಆಯಿತು. ಮರುವಾರದಿಂದ ನನ್ನ ಹುಡುಗರೂ ಉಕ್ತಲೇಖನದಲ್ಲಿ ಎಲ್ಲರ ಮಕ್ಕಳಂತೆ ತಪ್ಪತೊಡಗಿದರು. ಯಾರಿಗೂ ಅಂಗೈ ಚಾಚು ಎನ್ನಲು ಮಾತ್ರ ನನಗೆ ಮತ್ತೆ ಬಾಯಿ ಬರಲಿಲ್ಲ.