ಸುಲೋಚನಾ ಕಾಯ್ದ ರಕ್ತನಿಧಿ

ಸುಲೋಚನಾ ಗದಗಿನವಳು. ಗಂಡ ದಿನಕರ ಬ್ಯಾಂಕ್ ಅಧಿಕಾರಿ. ವರ್ಗದ ಮೇಲೆ ವರ್ಗವಾಗಿ ಕೊನೆಗೆ ವಿಶಾಖಪಟ್ಟಣಕ್ಕೆ ಬಂದು ಎಂವಿಪಿ ಕಾಲೋನಿಯಲ್ಲಿ ಮನೆ ಹಿಡಿದಿದ್ದರು. ಹೋದ ಊರಲ್ಲೆಲ್ಲ ಹೊಸ ಕೆಲಸ ಹುಡುಕಿಕೊಳ್ಳುವುದು ಅವಳಿಗೆ ರೂಢಿಯಾಗಿತ್ತು. ಇಲ್ಲಿ ಸಿಕ್ಕಿದ್ದು ಅದೇ ನಗರದ ಮಧುರವಾಡ ಬಡಾವಣೆಯ ಒಂದು ಖಾಸಗಿ ರಕ್ತನಿಧಿಯಲ್ಲಿ, ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ.

ಊರಂಚಿನ ಪೆಂಡುರ್ತಿಯಲ್ಲಿ, ದೂರದ ವಿಜಯವಾಡದಲ್ಲಿ ರಕ್ತನಿಧಿಗೆ ಶಾಖೆಗಳಿದ್ದವು. ರಕ್ತದ ಚೀಲಗಳಿಟ್ಟ ಫ್ರಿಜ್ಜಿಗೆ ಕಂಪ್ಯೂಟರ್ ಜೋಡಿಸಿ, ಒಳಗಿನ ತಾಪಮಾನವನ್ನು ಮಧುರವಾಡದಲ್ಲೇ ಕುಳಿತು ನೋಡುವ ಏರ್ಪಾಡು. ಕೇಳಲು ಚೆಂದ. ಆದರೆ ಕರೆಂಟು ಹೋಗಿ ಬಂದಾಗಲೆಲ್ಲ ಬ್ರಾಡ್‌ಬ್ಯಾಂಡಿನವರ ಕಡೆಯಿಂದ ಶಾಖೆಗೆ ಬೇರೆ ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಬರುತ್ತಿತ್ತು. ಮಧುರವಾಡದ ಯಂತ್ರ ಹಳೆಯ ವಿಳಾಸದಲ್ಲೇ ಹುಡುಕಿ, ಉತ್ತರ ಸಿಗದೆ ಕೆಂಪು ದೀಪ ಹಚ್ಚಿ ಕೂಗುತ್ತಿತ್ತು. ಹುಲಿ ಬಂತು ಹುಲಿ ಎಂಬ ಕತೆಯೇ ಆಯಿತು. ಒಂದು ದಿನ ಪೆಂಡುರ್ತಿಯ ಫ್ರಿಜ್ಜು ನಿಜವಾಗಿಯೂ ಕೆಟ್ಟಿತು. ಕೆಂಪು ದೀಪವನ್ನು ಯಾರೂ ತಿರುಗಿ ನೋಡಲಿಲ್ಲ. ಜನ ದಾನ ಕೊಟ್ಟ ರಕ್ತವನ್ನೆಲ್ಲ ಚೆಲ್ಲಬೇಕಾಯಿತು.

"ಬದಲಾಗದ ವಿಳಾಸ ಕೇಳಿದ್ರೆ ಪೆಂಡುರ್ತಿಯಲ್ಲಿ ಕೊಡೋರಿಲ್ಲಮ್ಮಾ. ಈ ಏರ್ಪಾಡನ್ನೇ ಮುಚ್ಚಿಬಿಡೋಣ" ಎಂದರು ಮ್ಯಾನೇಜರ್ ರಾಮ್‌ಪ್ರಸಾದ್, ತೆಲುಗಿನಲ್ಲಿ.

"ಸ್ವಲ್ಪ ಕಾಲ ಕೊಡಿ ಸರ್" ಎಂದಳು ಸುಲೋಚನಾ. ಏನು ಮಾಡಬೇಕೆಂದು ಆಗ ಅವಳಿಗೂ ಹೊಳೆದಿರಲಿಲ್ಲ.

ಹೊಳೆದದ್ದು ಗದಗಿನಿಂದ ಅವ್ವ ಫೋನಿನಲ್ಲಿ ಮಾತಾಡುವಾಗ. "ನಿಮ್ಮ ಮನಿ ಅಡ್ರೆಸ್ ಬರಕೊಂಡು ಬರಕೊಂಡು ಸಾಕಾತವ್ವಾ. ಎಲ್ಲೇ ಇರ್ರಿ, ದಿನಾ ನೀ ಫೋನ್ ಮಾಡಿದ್ರ ಸಾಕು. ಮಾಡದಿದ್ದ ದಿನ ನನ್ನ ಜೀವ ಹಾರತೈತಿ."

"ಅವ್ವಾ, ಆಮ್ಯಾಲೆ ಮಾತಾಡ್ತೀನಿ" ಎಂದು ಸುಲೋಚನಾ ಫೋನಿಟ್ಟು ಲ್ಯಾಪ್‌ಟಾಪ್ ತೆರೆದಳು. ಯಂತ್ರವನ್ನು ನಾವು ಯಾಕೆ ಹುಡುಕಿಕೊಂಡು ಹೋಗಬೇಕು? ಅದೇ ನಮಗೆ ಕರೆ ಮಾಡಲಿ. ವಿಳಾಸ ಯಾವುದಾದರೂ ಆಗಲಿ, ತನ್ನ ಹೆಸರು, ಗುಟ್ಟಿನ ಸಂಕೇತ, ಫ್ರಿಜ್ಜಿನ ತಾಪಮಾನ ಹೇಳಲಿ. ಕರೆ ತುಂಬ ಹೊತ್ತು ನಿಂತರೆ ಮಾತ್ರ, ಇಲ್ಲವೆ ಫ್ರಿಜ್ಜು ಬಿಸಿಯಾದರೆ ಮಾತ್ರ, ಕೆಂಪು ದೀಪ.

ಬರೆದಳು, ಕೆಡಿಸಿದಳು, ಮತ್ತೆ ಬರೆದಳು. ಶಾಖೆಗಳಿಗೆ ಹೋಗಿ ತಾನೇ ಅಳವಡಿಸಿದಳು. ವಿಜಯವಾಡದ ಟೆಕ್ನಿಷಿಯನ್ ಫಣಿಗೆ ನಂಬಿಕೆ ಇರಲಿಲ್ಲ. "ಇದೂ ಸುಮ್ಮಸುಮ್ಮನೆ ಕೂಗುತ್ತೆ ನೋಡಿ ಮೇಡಂ ಗಾರು" ಎಂದು ನಕ್ಕಿದ್ದ.

2016ರ ಮೇ ತಿಂಗಳು. ವಿಜಯವಾಡ ಕಾದ ಹೆಂಚಿನಂತಿತ್ತು. ಆ ದಿನ ಬೆಳಗಿನಿಂದ ಕರೆಂಟು ಕಣ್ಣಾಮುಚ್ಚಾಲೆ ಆಡುತ್ತಿತ್ತು. ವಿಳಾಸ ಮತ್ತೆ ಮತ್ತೆ ಬದಲಾದರೂ ಮಧುರವಾಡದ ಪರದೆ ಹಸಿರಾಗೇ ಇತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಅದು ಕೆಂಪಾಯಿತು. ವಿಜಯವಾಡದ ಕಂಪ್ಯೂಟರ್ ಹೊಸ ವಿಳಾಸದಿಂದ ಕರೆಯುತ್ತಲೇ ಇತ್ತು, ಆದರೆ ತಾಪಮಾನ ಏರುತ್ತಿತ್ತು.

ಸುಲೋಚನಾ ಫೋನ್ ಹಚ್ಚಿದಳು.

"ಫ್ರಿಜ್ಜಿನ ದೀಪ ಉರೀತಿದೆ ಮೇಡಂ, ಎಲ್ಲಾ ಸರಿ ಇದೆ" ಎಂದ ಫಣಿ.

"ದೀಪ ಇರಲಿ ಫಣಿ. ಹಿಂದೆ ಕೈಯಿಟ್ಟು ನೋಡು, ಮೋಟಾರು ಓಡ್ತಿದೆಯಾ?"

ಫಣಿ ಫ್ರಿಜ್ಜಿನ ಹಿಂದೆ ಕೈಯಿಟ್ಟ. ಆಮೇಲೆ ಅವನ ದನಿಯೇ ಬದಲಾಗಿತ್ತು. "ಇಲ್ಲ ಮೇಡಂ! ನಿಂತುಬಿಟ್ಟಿದೆ!"

"ಚೀಲಗಳನ್ನ ಐಸ್ ಡಬ್ಬಿಗೆ ಹಾಕಿ, ಪಕ್ಕದ ಆಸ್ಪತ್ರೆಯ ಫ್ರಿಜ್ಜಿಗೆ ಸಾಗಿಸು. ನಾನು ಅವರಿಗೆ ಹೇಳ್ತೀನಿ."

ಒಂದು ಚೀಲವೂ ಕೆಡಲಿಲ್ಲ. ಅದೇ ಸಂಜೆ ಗಂಗಾಭವಾನಿ ಎಂಬ ಬಾಣಂತಿಗೆ ರಕ್ತಸ್ರಾವ ನಿಲ್ಲದೆ, ಆ ರಕ್ತವೇ ಬೇಕಾಯಿತು. ತಾಯಿ, ಮಗು ಇಬ್ಬರೂ ಉಳಿದರು.

ಸುದ್ದಿ ಮುಟ್ಟಿದಾಗ ರಾಮ್‌ಪ್ರಸಾದ್ ಕುರ್ಚಿಯಿಂದ ಎದ್ದು ನಿಂತರು. "ಮುಚ್ಚೋಣ ಅಂದಿದ್ದೆನಲ್ಲಮ್ಮಾ! ಇನ್ನು ಮುಂದೆ ತೆರೆಯೋ ಶಾಖೆಗಳಿಗೂ ಇದೇ."

ಮುಂದಿನ ತಿಂಗಳು ಸುಲೋಚನಾ ಅಲ್ಲಿನ ಸಿಬ್ಬಂದಿಗೆ ತರಬೇತಿ ಕೊಡಲು ವಿಜಯವಾಡಕ್ಕೆ ಹೋದಳು. ಸ್ಟೇಷನ್ನಿನಲ್ಲಿ ಫಣಿ ಮಲ್ಲಿಗೆ ಹಾರ ಹಿಡಿದು ಕಾಯುತ್ತಿದ್ದ. ಅವನ ಹಿಂದೆ, ಅವನಿಂದಲೇ ವಿಷಯ ತಿಳಿದು, ಮಗುವನ್ನು ಎತ್ತಿಕೊಂಡು ಬಂದ ಗಂಗಾಭವಾನಿ. ಅವಳು ಮುಂದೆ ಬಂದು ಮಗುವನ್ನು ಸುಲೋಚನಾಳ ತೋಳಿಗಿಟ್ಟಳು. ಮಗು ಕಾಲು ಝಾಡಿಸಿ ಜೋರಾಗಿ ಅತ್ತಿತು. ಪ್ಲಾಟ್‌ಫಾರಂನ ಜನ ತಿರುಗಿ ನೋಡುತ್ತಿದ್ದರೂ ಸುಲೋಚನಾ ನಗುತ್ತಲೇ ನಿಂತಿದ್ದಳು.