ಕಾಕಾನಿಗೆ ಪಾರ್ಟಿಲ್ಲದ ನಾಟಕ

ನಾಟಕಕಾರರ ಮೇಲೆ ಬರೆದ ಪುಸ್ತಕಗಳನ್ನು ನಾನು ಬಹಳ ಓದಿದ್ದೇನೆ. ಅವರು ನಸುಕಿನಲ್ಲಿ ಎದ್ದು ಬರೆಯುತ್ತಿದ್ದರೋ ಊಟ ಮಾಡಿ ಬರೆಯುತ್ತಿದ್ದರೋ, ಯಾವ ಕಂಪನಿ ಮಾಲೀಕನ ಜೊತೆ ಜಗಳ ತೆಗೆದರು, ಯಾವ ಅಂಕವನ್ನು ಹರಿದುಹಾಕಿ ಮತ್ತೆ ಬರೆದರು, ಎಲ್ಲಾ ಇರುತ್ತದೆ. ಮನೆಯಲ್ಲಿದ್ದ ತಮ್ಮನಿಗೆ ಯಾವ ಪಾರ್ಟು ಕೊಟ್ಟರು ಎಂಬುದನ್ನು ಮಾತ್ರ ಯಾವ ಪುಣ್ಯಾತ್ಮನೂ ಬರೆದಿಲ್ಲ. ನಾಟಕ ಬರೆಯುವುದರ ಕಷ್ಟ ಎಂದರೆ ನನಗೆ ಮೊದಲು ನೆನಪಾಗುವುದು ಅದೇ.

ಅಪ್ಪ ಮಿಶ್ರಿಕೋಟಿಯ ರೈತ. ಭತ್ತ, ಜೋಳ, ಸ್ವಲ್ಪ ಹತ್ತಿ. ಸುಗ್ಗಿ ಮುಗಿದ ಮೇಲೆ ಊರಿನ ನಾಟಕ ಮಂಡಳಿಗೆ ವರ್ಷಕ್ಕೊಂದು ನಾಟಕ ಬರೆದುಕೊಡುತ್ತಿದ್ದ. ಅವನ ಕ್ರಮದಲ್ಲಿ ಮೊದಲು ಕಥೆಯಲ್ಲ, ಮೊದಲು ಮಂದಿ. ಈ ಸಲ ಯಾರು ಯಾರು ಬಣ್ಣ ಹಚ್ಚುತ್ತಾರೆ ಎಂದು ಗೊತ್ತಾದ ಮೇಲೆ ಒಬ್ಬೊಬ್ಬರನ್ನೇ ಮನೆಗೆ ಕರೆದು, ಚಹ ಕುಡಿಸಿ, ಸುಮ್ಮನೆ ಮಾತಾಡಿಸುತ್ತಿದ್ದ. ದಪ್ಪ ಧ್ವನಿಯವನಿಗೆ ಗೌಡನ ಪಾರ್ಟು. ಉದ್ದ ಮಾತು ನೆನಪಿಡಲಾಗದವನಿಗೆ ಸಿಟ್ಟಿನವನ ಪಾರ್ಟು, ಯಾಕೆಂದರೆ ಸಿಟ್ಟು ಬಂದವನು ಎರಡು ಮಾತಾಡಿ ಹೊರಟುಹೋದರೂ ನಡೆಯುತ್ತದೆ. ಚೆನ್ನಾಗಿ ಹಾಡುವವನಿದ್ದರೆ ಅವನು ಅಳುವುದಕ್ಕೆ ಕಥೆಯಲ್ಲಿ ಒಂದು ಕಾರಣ ಹುಡುಕಬೇಕು. ಸಿಂಪಿಗ ಅಳತೆ ತೆಗೆದುಕೊಂಡು ಅಂಗಿ ಹೊಲಿದ ಹಾಗೆ ಅಪ್ಪ ನಾಟಕ ಹೊಲಿಯುತ್ತಿದ್ದ.

ಹಾಸ್ಯದ ಪಾರ್ಟಿಗೆ ಮಾತ್ರ ಅಳತೆ ಬೇಕಿರಲಿಲ್ಲ. ಅದು ಕಾಕಾನದು, ಅಪ್ಪನ ತಮ್ಮನದು. ಹೆಂಡತಿ ತೀರಿಕೊಂಡ ಮೇಲೆ ಮಕ್ಕಳಿಲ್ಲದ ಕಾಕಾ ನಮ್ಮ ಜೊತೆಗೇ ಇದ್ದ. ಮನೆಯಲ್ಲಿ ಅವನ ಬಾಯಿಂದ ಒಂದು ಮಾತು ಹೊರಡಿಸುವುದರಲ್ಲಿ ಸಾಕುಸಾಕಾಗುತ್ತಿತ್ತು. ಅವ್ವ ರೊಟ್ಟಿ ಹಾಕಲೇ ಎಂದು ಕೇಳಿದರೆ ಕೈ ಅಡ್ಡ ಹಿಡಿಯುತ್ತಿದ್ದ, ಅಷ್ಟೇ. ಅದೇ ಕಾಕಾ ಬಣ್ಣ ಹಚ್ಚಿ ರಂಗದ ಮೇಲೆ ಕಾಲಿಟ್ಟರೆ, ಅವನು ಬಾಯಿ ತೆರೆಯುವ ಮೊದಲೇ ಜನ ನಗಲು ಶುರು ಮಾಡುತ್ತಿದ್ದರು. ಕಲಘಟಗಿ ಸಂತೆಗೆ ಹೋದರೆ ಗುರುತು ಪರಿಚಯ ಇಲ್ಲದವರು ಕೂಡ ಕರೆದು ಚಹ ಕುಡಿಸುತ್ತಿದ್ದರು. ಆ ಒಂದು ರಾತ್ರಿಯ ಬಲದ ಮೇಲೆ ಕಾಕಾ ವರ್ಷವಿಡೀ ಬದುಕುತ್ತಿದ್ದ ಎಂದರೆ ಸುಳ್ಳಲ್ಲ. ಮನೆಯಲ್ಲಿ ನಮಗೆಲ್ಲ ಇದು ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಧಾರವಾಡದಲ್ಲಿ ಬಿ.ಎ. ಓದುತ್ತಿದ್ದೆ. ಒಂದು ವರ್ಷ ನಾಟಕಕ್ಕೆ ಅತಿಥಿಯಾಗಿ ಬಂದಿದ್ದ ಪ್ರಾಧ್ಯಾಪಕರೊಬ್ಬರು ಹಾರ ಹಾಕಿಸಿಕೊಂಡು, ಮೈಕಿನ ಮುಂದೆ ನಿಂತು, ಹಾಡನ್ನೂ ನಗೆಯನ್ನೂ ದಾರಕ್ಕೆ ಪೋಣಿಸಿದರೆ ಅದು ನಾಟಕವಾಗುವುದಿಲ್ಲ ಎಂದುಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಮೈಕಿನಲ್ಲಿ ಯಾರು ಮಾತು ಮುಗಿಸಿದರೂ ಅವರು ಚಪ್ಪಾಳೆ ತಟ್ಟುತ್ತಾರೆ. ಅಪ್ಪನಿಗೆ ಮಾತ್ರ ಆ ಮಾತು ಎಲ್ಲೋ ನಾಟಿತು.

ಮುಂದಿನ ಶನಿವಾರ ನಾನು ಊರಿಗೆ ಬಂದಾಗ, ಮಗಳಾದ ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದ ಅಪ್ಪ ಕೇಳಿದ: “ತಂಗಿ, ನಿಮ್ಮ ಕಾಲೇಜಿನಾಗ ನಾಟಕ ಹೆಂಗ ಬರೀಬೇಕಂತ ಹೇಳೂ ಪುಸ್ತಕ ಇರ್ತಾವೇನು? ದೊಡ್ಡ ದೊಡ್ಡವ್ರು ಹೆಂಗ ಬರೀತಿದ್ರು ನೋಡಬೇಕು ನಾ. ಸಾಯೂದ್ರಾಗ ಒಂದರ ನಾಟಕ, ನಾಟಕ ಅನಿಸ್ಕೊಳ್ಳುವಂಗ ಬರೀಬೇಕು.”

ಆ ವರ್ಷ ನಾನು ಪುಸ್ತಕ ಹೊತ್ತೇ ಹೊತ್ತೆ. ಬಸ್ಸಿನಲ್ಲಿ ನಿಲ್ಲಲು ಜಾಗವಿಲ್ಲದಾಗಲೂ ಎದೆಗೆ ಅವುಚಿಕೊಂಡು ತಂದೆ. ನಾಟಕಕಾರರ ಜೀವನಚರಿತ್ರೆಗಳು, ಮಾತು ಹೇಗಿರಬೇಕು, ಪಾತ್ರ ಹೇಗೆ ಬೆಳೆಯಬೇಕು ಎಂದು ವಿವರಿಸುವ ರಟ್ಟು ಹರಿದ ಪುಸ್ತಕಗಳು. ಅಪ್ಪ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತು ಪರೀಕ್ಷೆಗೆ ಓದುವವನಂತೆ ಓದಿದ. ಗುರುತಿಗೆ ಜೋಳದ ಒಣ ಎಲೆ ಇಡುತ್ತಿದ್ದ, ಅದರ ಪುಡಿ ಉದುರಿ ಗ್ರಂಥಾಲಯದವರು ನನ್ನನ್ನು ಬೈದದ್ದೂ ಆಯಿತು. “ಎತ್ತಿಗೆ ನೀರು ತೋರ್ಸೂದು ಯಾವ ಅಂಕದಾಗ ಬರ್ತದಂತ ನೋಡ್ರಿ ಅದರಾಗ” ಎಂದು ಅವ್ವ ಚುಚ್ಚುತ್ತಿದ್ದಳು. ಅಪ್ಪ ತಲೆ ಎತ್ತುತ್ತಿರಲಿಲ್ಲ.

ಆ ಪುಸ್ತಕಗಳಿಂದ ಅಪ್ಪ ಗಟ್ಟಿಯಾಗಿ ಹಿಡಿದುಕೊಂಡದ್ದು ಒಂದೇ ವಿಷಯ. ನಾಟಕದಿಂದ ಯಾವುದನ್ನು ತೆಗೆದರೂ ಕಥೆ ಕೆಡದೆ ನಿಲ್ಲುತ್ತದೋ ಅದು ಅಲ್ಲಿ ಇರಬಾರದು. ಆ ಸಲ ಅವನು ಯಾರನ್ನೂ ಚಹಕ್ಕೆ ಕರೆಯಲಿಲ್ಲ. ಕಥೆಯಿಂದಲೇ ಶುರು ಮಾಡಿದ. ಎರಡು ಹೊಲಗಳ ನಡುವಿನ ಗಡಿಕಲ್ಲನ್ನು ಕದ್ದು ಸರಿಸಿದವನೊಬ್ಬ, ಕೊನೆಗೆ ಯಾರೂ ಕೇಳದೆ, ಯಾರೂ ನೋಡದೆ, ತಾನೇ ಅದನ್ನು ಹೊತ್ತು ತಂದು ಮೊದಲಿನ ಜಾಗದಲ್ಲಿ ಇಟ್ಟು, ಅದರ ಮೇಲೆ ಸುಮ್ಮನೆ ಕೂತುಕೊಳ್ಳುವ ಕಥೆ. ಕೊನೆಯಲ್ಲಿ ಮಾತಿಲ್ಲ, ಹಾಡಿಲ್ಲ. ಪರದೆ ನಿಧಾನ ಮುಚ್ಚಬೇಕು.

ಬರೆದಷ್ಟನ್ನು ಅಪ್ಪ ಮೊದಲು ಓದಿ ತೋರಿಸುತ್ತಿದ್ದದ್ದು ಕಾಕಾನಿಗೇ. ಕಾಕಾ ಎದುರಿಗೆ ಕೂತು ಹಗ್ಗ ಹೊಸೆಯುತ್ತ ಕೇಳುತ್ತಿದ್ದ. ಒಂದೊಂದು ದೃಶ್ಯ ಮುಗಿದಾಗಲೂ ಅವನು ಸ್ವಲ್ಪ ಮುಂದೆ ಬಾಗಿ ಕೂರುವುದನ್ನು ನಾನು ನೋಡಿದ್ದೇನೆ. ತನ್ನ ಪಾರ್ಟು ಈಗ ಬಂದೀತು, ಇನ್ನೇನು ಬಂದೀತು ಎಂದು ಕಾಯುತ್ತಿದ್ದ. ಬರಲಿಲ್ಲ. ಕೊನೆಯ ಹಾಳೆ ಓದಿ ಮುಗಿಸಿದಾಗ ಅಪ್ಪನ ಕಣ್ಣಲ್ಲಿ ನೀರಿತ್ತು. “ಭಾಳ ಚಲೋ ಆಗೇತಿ ಅಣ್ಣಾ” ಎಂದ ಕಾಕಾ. ಎದ್ದು ಎತ್ತಿನ ಕಡೆ ಹೋದ. ಬರೆದ ಖುಷಿಯಲ್ಲಿ ಅಪ್ಪನಿಗೆ ಬೇರೇನೂ ಹೊಳೆಯಲಿಲ್ಲ.

ಹೊಳೆದದ್ದು ತಾಲೀಮು ಶುರುವಾದ ದಿನ. ನಮ್ಮ ಮಂಡಳಿಯಲ್ಲಿ ಆ ದಿನ ಕಾಯಿ ಒಡೆದು, ಬರೆದವನು ಪಾರ್ಟಿನ ಹೆಸರು ಹೇಳಿ, ಒಬ್ಬೊಬ್ಬರ ಕೈಗೆ ಎಲೆ ಅಡಿಕೆ ಕೊಡುವುದು ಪದ್ಧತಿ. ಎಲೆ ಹಿಡಿದವನು ಆಮೇಲೆ ಆ ಪಾರ್ಟು ಬಿಡುವ ಹಾಗಿಲ್ಲ. ಮೊದಲ ಎಲೆ ಯಾವಾಗಲೂ ಹಾಸ್ಯದವನಿಗೆ. ನಮ್ಮ ಪಡಸಾಲೆ ತುಂಬ ಜನ ಕೂತಿದ್ದರು. ಅಪ್ಪ ರೂಢಿಯಂತೆ ಎಲೆ ಎತ್ತಿ ಕಾಕಾನ ಕಡೆ ತಿರುಗಿದ. ಕಾಕಾ ರೂಢಿಯಂತೆ ಕೈ ಚಾಚಿದ. ಅಪ್ಪನ ಬಾಯಿಂದ ಪಾರ್ಟಿನ ಹೆಸರು ಬರಲಿಲ್ಲ, ಯಾಕೆಂದರೆ ಹೇಳಲು ಹೆಸರೇ ಇರಲಿಲ್ಲ. ಇಬ್ಬರ ಕೈಗಳೂ ಹಾಗೇ ನಿಂತವು. ಒಳಗಿನ ಬಾಗಿಲಲ್ಲಿ ನಿಂತು ನಾನು ನೋಡುತ್ತಿದ್ದೆ.

“ಪರದೆ ಎಳಿಯೂದು ನಂದು. ಹೌದಲ್ಲಣ್ಣಾ?” ಎಂದು ಕಾಕಾ ಎಲೆ ಈಸಿಕೊಂಡು ಬಾಯಿಗೆ ಹಾಕಿಕೊಂಡ.

ಆಮೇಲೆ ಎಷ್ಟೋ ದಿನ ಅಪ್ಪ ಕಾಕಾನನ್ನು ನಾಟಕದೊಳಗೆ ತರಲು ಒದ್ದಾಡಿದ. ಗಡಿಕಲ್ಲಿನವನಿಗೆ ಒಬ್ಬ ಆಳು, ದಾರಿಯಲ್ಲಿ ಸಿಗುವ ಒಬ್ಬ ಕುಡುಕ, ಸುಳ್ಳು ಸಾಕ್ಷಿ ಹೇಳುವ ಒಬ್ಬ ಬೆಪ್ಪ. ಬರೆಯುವುದು, ಹರಿಯುವುದು. “ಕೂಡಂಗಿಲ್ಲ ತಂಗಿ. ಅಂವ ಬಂದ ಕೂಡ್ಲೆ ಕಲ್ಲು ಹಗುರ ಆಗ್ತೈತಿ” ಎಂದು ನನ್ನ ಮುಂದೆ ಗೋಳಾಡಿದ. ನಾನೂ ಓದಿ ನೋಡಿದೆ. ಅವನು ಹೇಳಿದ್ದು ಖರೆ. ಕಾಕಾ ಒಳಗೆ ಬಂದರೆ ನಾಟಕ ಕೆಡುತ್ತಿತ್ತು. ಹೊರಗಿಟ್ಟರೆ ಕಾಕಾ ಕೆಡುತ್ತಿದ್ದ. ಇಂಥದ್ದಕ್ಕೆ ಯಾವ ಪುಸ್ತಕದಲ್ಲಿ ಯಾವ ಪುಟ ತೆರೆಯಬೇಕು ಎಂದು ನನಗೂ ಗೊತ್ತಿರಲಿಲ್ಲ.

ನಾಟಕದ ದಿನ ತಂಬೂರು, ದೇವಿಕೊಪ್ಪ ಕಡೆಯವರೆಲ್ಲ ಟ್ರ್ಯಾಕ್ಟರಿನಲ್ಲಿ ಬಂದಿಳಿದರು. ಬೆಳಗಿನ ತನಕ ಕೂರುವ ಲೆಕ್ಕದಲ್ಲಿ ಕೌದಿ, ಬುತ್ತಿ, ಚುರಮುರಿ ಗಂಟು ಎಲ್ಲಾ ತಂದಿದ್ದರು. ಅಪ್ಪನ ನಾಟಕ ಮಕ್ಕಳು ನಿದ್ದೆಹೋಗುವ ಮೊದಲೇ ಮುಗಿಯಿತು. ಗಡಿಕಲ್ಲಿನ ಪಾರ್ಟಿನವನು ಕಲ್ಲಿನ ಮೇಲೆ ಕೂತ. ಜನ ಕಾದರು. ಮಾತು ಮರೆತಿದ್ದಾನೆ ಎಂದುಕೊಂಡು ಮುಂದಿನ ಸಾಲಿನವರು “ಹೇಳಲೇ, ಹೇಳು” ಎಂದು ಧೈರ್ಯ ಕೊಟ್ಟರು. ಪರದೆ ನಿಧಾನಕ್ಕೆ ಮುಚ್ಚಿಕೊಂಡಿತು. ಎಷ್ಟು ನಿಧಾನವೆಂದರೆ, ಕೊನೆಯ ಗೇಣಿನಲ್ಲಿ ಅವನು ತಲೆ ಬಗ್ಗಿಸಿದ್ದು ಮಾತ್ರ ಕಂಡಿತು. ನನಗೆ ಮೈ ಜುಮ್ಮೆಂದಿತು. ಅದಕ್ಕಿಂತ ಚೆನ್ನಾಗಿ ಪರದೆ ಎಳೆದದ್ದನ್ನು ನಾನು ಆಮೇಲೆ ಪೇಟೆಯ ದೊಡ್ಡ ರಂಗಮಂದಿರಗಳಲ್ಲೂ ನೋಡಿಲ್ಲ.

ಜನ ಏಳಲಿಲ್ಲ. ಮುಗಿದಿದೆ ಎಂದು ಅವರಿಗೆ ತಿಳಿದರೆ ತಾನೆ. ಆಮೇಲೆ ಒಬ್ಬ ಕೂಗಿದ: “ಹಾಸ್ಯದಾಂವ ಎಲ್ಲಿ? ಕಳಸ್ರಿ ಅವನ್ನ!” ಇಡೀ ಬಯಲು ಅದೇ ಕೂಗನ್ನು ಹಿಡಿದುಕೊಂಡಿತು. ಅವ್ವ ಕೊಟ್ಟ ಚಹದ ಕೆಟಲಿ ಹಿಡಿದು ನಾನು ಪರದೆಯ ಹಿಂದೆ ಹೋದಾಗ ಮಂಡಳಿಯವರು ಕಾಕಾನ ಸುತ್ತ ನಿಂತಿದ್ದರು. “ಹೋದ ವರ್ಷದ್ದ ಒಂದ ತಾಸು ಮಾಡಪಾ, ಮಂದಿ ಕಲ್ಲು ಒಗಿತಾರ” ಎಂದು ಅಂಗಲಾಚುತ್ತಿದ್ದರು. ಅಪ್ಪ ಬಣ್ಣದ ಪೆಟ್ಟಿಗೆಯ ಮೇಲೆ ಕುಸಿದು ಕೂತಿದ್ದ. “ಹೋಗು ತಮ್ಮಾ” ಎಂದ, ನೆಲ ನೋಡುತ್ತ.

ಕಾಕಾ ಬಣ್ಣವಿಲ್ಲದ ಮುಖದಲ್ಲೇ ಪರದೆ ಸರಿಸಿ ಮೈಕಿಗೆ ಹೋದ. “ನಾಟಕ ಮುಗದೈತ್ರಿ. ನಮ್ಮಣ್ಣ ಎಲ್ಲಿ ಮುಗಸ್ಯಾನ, ಅದು ಅಲ್ಲಿಗೇ ಮುಗದೈತಿ. ಮನಿಗೆ ಹೋಗ್ರಿ.”

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕಾ ಮತ್ತೊಮ್ಮೆ ಅದನ್ನೇ ಹೇಳಿದ, ಈ ಸಲ ಸಿಟ್ಟಿನಿಂದ. ಇನ್ನೂ ಜೋರಾಗಿ ನಕ್ಕರು, ಸೀಟಿ ಹೊಡೆದರು, ಕೌದಿ ಮಡಚಿಕೊಂಡು ಖುಷಿಯಾಗಿ ಎದ್ದರು. ಅವನು ಖರೇ ಹೇಳುತ್ತಿದ್ದಾನೆ ಎಂದು ಆ ಬಯಲಿನಲ್ಲಿ ಒಬ್ಬರಿಗೂ ಅನಿಸಲಿಲ್ಲ.

ಒಳಗೆ ಬಂದು ಕಾಕಾ ಅಪ್ಪನ ಪಕ್ಕ ಕೂತ. ನಾನು ಚಹ ಕೊಟ್ಟೆ. ಅರ್ಧ ಕುಡಿದು ಹೇಳಿದ: “ಅಣ್ಣಾ, ನಾಟಕ ಅಗದಿ ಚಂದಾತು. ಸುಳ್ಳ ಹೇಳಾಂಗಿಲ್ಲ. ಆದ್ರ ಇಂಥಾದ್ದು ಇನ್ನೊಂದು ಬರಿಯೂದಿದ್ರ, ನಾ ಸತ್ತ ಮ್ಯಾಲ ಬರಿ.”

ಅಪ್ಪ ಅವನ ಕೈ ಹಿಡಿದುಕೊಂಡ.

ಮರುವರ್ಷದಿಂದ ಮನೆಗೆ ಮತ್ತೆ ಮಂದಿ ಚಹಕ್ಕೆ ಬಂದರು, ಹಾಡು ಬಂತು, ನಗೆ ಬಂತು. ಆದರೂ ಅಪ್ಪ ಬರೆದದ್ದರಲ್ಲೆಲ್ಲ ಒಳ್ಳೆಯ ನಾಟಕ ಆ ಗಡಿಕಲ್ಲಿನದೇ ಎಂದು ನಾನು ಈಗಲೂ ಹೇಳುತ್ತೇನೆ. ಯಾರು ಬೇಕಾದರೂ ಜಗಳಕ್ಕೆ ಬರಲಿ.

ಕಾಕಾ ತೀರಿಕೊಂಡದ್ದು ಅದೇ ದಶಕದ ಕೊನೆಗೆ. ದುಃಖ ಸ್ವಲ್ಪ ಹಳತಾದ ಮೇಲೆ, ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದ ನಾನು ತವರಿಗೆ ಹೋದಾಗ ಅಪ್ಪನನ್ನು ಕೇಳಿಯೇಬಿಟ್ಟೆ: “ಅಪ್ಪಾ, ಈಗರ ಅಂಥಾದ್ದು ಇನ್ನೊಂದು ಬರಿ. ಈಗ ಯಾರನ್ನೂ ಬಿಡೂ ಪ್ರಸಂಗ ಇಲ್ಲಲ್ಲ.”

“ಬರೀಬಹುದು” ಎಂದ ಅಪ್ಪ. ಆಮೇಲೆ “ಬರದು ಯಾರ ಮುಂದ ಓದ್ಲಿ ತಂಗಿ?” ಎಂದ.